ಮಹಾದೇವಮ್ಮ ಸಿಸ್ಟರ್ ಕೈ

ಜೂನ್ 10, ಸೋಮವಾರ
ಮಾರ್ನಿಂಗ್ ಡ್ಯೂಟಿ. ವಾರ್ಡ್ ತುಂಬ ಜ್ವರದ ಮಕ್ಕಳು. ತಿಂಡಿ ಇಲ್ಲ, ಬರೀ ಟೀ. ಮಹಾದೇವಮ್ಮ ಸಿಸ್ಟರ್ ಇವತ್ತೂ ಕರೆದರು — "ಬಾಮ್ಮಿ ನಾಗಶ್ರೀ, ಈ ಮಗೀಗೆ ಡ್ರಿಪ್ ಸೂಜಿ ನೀನೇ ಆಕು. ಕೈ ಪಳಗ್ಲಿ." ಹಾಕಿದೆ. ಒಂದೇ ಸಲಕ್ಕೆ ನರ ಸಿಕ್ತು.
ಸಿಸ್ಟರ್ ಈ ನರ್ಸಿಂಗ್ ಹೋಮ್ ಶುರುವಾದಾಗಿಂದ ಇರೋರು. ಕೋರ್ಸ್ ಮುಗಿಸಿ ಬಂದಾಗ ನನಗೆ ಸಿರಿಂಜ್ ಹಿಡಿಯೋಕೂ ಭಯ. ಕಲಿಸಿದ್ದೆಲ್ಲ ಅವರೇ.

ಜೂನ್ 19
ಸ್ಟೋರ್ ರೂಮಲ್ಲಿ ಕಂಡೆ. ಇಂಜೆಕ್ಷನ್ ತುಂಬ್ತಿದ್ರು. ಬಲಗೈ ನಡುಗ್ತಿತ್ತು. ಎಡಗೈಲಿ ಅದನ್ನ ಅದುಮಿ ಹಿಡಿದು ಸುಮ್ಮನೆ ನಿಂತರು. ಸದ್ದು ಮಾಡದೆ ಹಿಂದಕ್ಕೆ ಬಂದೆ.
ಹಾಗಾದ್ರೆ ಇಷ್ಟು ದಿನ ಕೈ ಪಳಗ್ಲಿ ಅಂತ ನನ್ನ ಕೈಲಿ ಹಾಕಿಸ್ತಿದ್ದದ್ದು ಇದಕ್ಕೇನಾ?

ಜುಲೈ 3
ಈಗ ಕರೆಯೋಕೆ ಮುಂಚೆನೇ ಹೋಗ್ತೀನಿ. "ಅಕ್ಕ, ನಾನು ಹಾಕ್ಲಾ? ಪ್ರಾಕ್ಟೀಸ್ ಆಗುತ್ತೆ." "ಊಂ, ಆಕು" ಅಂತಾರೆ, ಮಗುವಿನ ಕಡೆಯೋರಿಗೆ ಕೇಳೋ ಹಾಗೆ. ಇಬ್ಬರೂ ಆ ಮಾತು ಎತ್ತಲ್ಲ. ಡಾಕ್ಟರಿಗೆ ಹೇಳಬೇಕಾ? ಬಾಯಿ ಬರಲ್ಲ.

ಆಗಸ್ಟ್ 20
ಅವ್ವನಿಗೆ ಹುಷಾರಿಲ್ಲ ಅಂತ ರಜಾ ಹಾಕಿ ನಮ್ಮೂರು ಬಂಡಳ್ಳಿಗೆ ಹೋಗಿದ್ದೆ. ಇವತ್ತು ಬಂದರೆ ವಾರ್ಡಲ್ಲಿ ಸಿಸ್ಟರ್ ಇಲ್ಲ. ರಿಸೆಪ್ಷನ್ ಭವ್ಯ ಹೇಳಿದಳು. ನಿನ್ನೆ ಹನೂರು ಕಡೆಯ ಒಂದು ಮಗು ಬಂತಂತೆ, ಭೇದಿ ಆಗಿ ಸೊರಗಿಹೋಗಿತ್ತಂತೆ. ಸಿಸ್ಟರ್ ಒಬ್ಬರೇ. ಚುಚ್ಚಿ ಚುಚ್ಚಿ ನರ ಸಿಗಲಿಲ್ಲ. ಮಗುವಿನ ಕೈ ಊದಿಕೊಂತು. "ಬರದಿದ್ಮೇಲೆ ಯಾಕ್ ಮುಟ್ಟೀರಿ" ಅಂದಳಂತೆ ತಾಯಿ. ಡಾಕ್ಟರ್ ಓಡಿಬಂದು ಹಾಕಿದರು. ಮಗು ಉಳೀತು.
ಸಿಸ್ಟರ್ ಸಂಜೆ ಕೋಟು ಮಡಚಿಟ್ಟು ಹೋದರಂತೆ. ಯಾರೂ ಹೋಗಿ ಅಂದಿರಲಿಲ್ಲ. ಇರಿ ಅಂತಲೂ ಅನ್ನಲಿಲ್ಲ.
ಡಾಕ್ಟರ್ ನನ್ನ ಕರೆದರು — "ಮಕ್ಕಳ ವಾರ್ಡ್ ಇನ್ಮೇಲೆ ನೀನೇ ನೋಡ್ಕೋ." ಸರಿ ಸಾರ್ ಅಂದೆ.

ಸೆಪ್ಟೆಂಬರ್ 15, ಭಾನುವಾರ
ಊರಿಂದ ಬರೋವಾಗ ಸಿಸ್ಟರ್ ಊರು ಮಧುವನಹಳ್ಳಿಲಿ ಇಳಿದೆ. ಅಕ್ಕ ಜಗಲಿ ಮೇಲಿದ್ದರು. ಮೈಸೂರಲ್ಲಿ ತೋರಿಸಿದ್ರಂತೆ. ವಾಸಿ ಆಗೋದಲ್ಲ, ಮಾತ್ರೆ ನುಂಗ್ತಾ ಇರಬೇಕು. ಮಗ ಶಿವಶಂಕರ ಟೀ ತಂದಿಟ್ಟ. ನನ್ನೆದುರಿಗೆ ಅಕ್ಕ ಲೋಟ ಮುಟ್ಟಲಿಲ್ಲ.
"ಅವತ್ತು ನೀನಿದ್ದಿದ್ರೆ ಇನ್ನೊಂದಷ್ಟು ದಿನ ಓಡ್ತಿತ್ತು ಕಣಮ್ಮಿ."
ನನಗೆ ಗೊತ್ತು ಅಂತ ನಿಮಗೆ ಗೊತ್ತಿತ್ತಾ ಅಕ್ಕ, ಅಂದೆ.
"ಗೊತ್ತಿಲ್ದೆ ಏನು. ಪ್ರಾಕ್ಟೀಸ್ ಅಂತ ನೀನ್ ಬತ್ತಿದ್ದೆ, ಕಲೀಲಿ ಅಂತ ನಾನ್ ಬುಡ್ತಿದ್ದೆ." ನಕ್ಕರು. ಆಮೇಲೆ ಮೆಲ್ಲಗೆ — "ಆ ಹನೂರ್ ಕಡೆ ಮಗು ಎಂಗದೆ? ಕೈ ಊತ ಇಳೀತಾ?"
ಇಳೀತು ಅಕ್ಕ, ಅಂದೆ. ನಾನು ವಿಚಾರಿಸಿಯೇ ಇರಲಿಲ್ಲ.

ಸೆಪ್ಟೆಂಬರ್ 16
ಭವ್ಯಳ ಹತ್ರ ನಂಬರ್ ಇಸ್ಕೊಂಡು ಫೋನ್ ಮಾಡಿದೆ. ಮಗುವಿನ ತಾಯಿನೇ ಎತ್ತಿದಳು. ಚೆನ್ನಾಗದೆ, ಆಟ ಆಡ್ಕಂಡದೆ ಅಂದಳು. ಮಹಾದೇವಮ್ಮ ಸಿಸ್ಟರ್ ಕೇಳ್ತಿದ್ರು, ಅದಕ್ಕೆ, ಅಂದೆ.
"ಯಾರು… ಅವತ್ತು ಚುಚ್ಚಿ ಚುಚ್ಚಿ ಕೈ ಊದಿಸುದ್ರಲ್ಲ, ಅವ್ರಾ?"
ಹೂಂ, ಅವರೇ. ಆದ್ರೆ ನನಗೆ ಸೂಜಿ ಹಿಡಿಯೋದು ಕಲಿಸಿದೋರೂ ಅವರೇ, ಅಂದೆ.