ಕಲ್ಲುಗುಪ್ಪೆಯ ನಾಯಿ

ಶಹಾಬಾದ
೧೧-೨-೧೯೫೦

ಅವ್ವಾ, ನಿನ್ನ ಪಾದಕ್ಕೆ ಮಗಳ ಶರಣು.

ಕೂಸು ಮಲಗಿದೆ, ನನಗೇ ನಿದ್ದೆಯಿಲ್ಲ. ಐದು ತಿಂಗಳಾದರೂ ತೊಟ್ಟಿಲಿಗೆ ಹಾಕಿ ಹೆಸರಿಟ್ಟಿಲ್ಲವೇಕೆ ಎಂದು ಕೇಳಿದ್ದೀ. ಅದಕ್ಕೆ ನಾಯಿಯ ಸಂಗತಿಯಿಂದಲೇ ಶುರು ಮಾಡಬೇಕು.

ಹೋದ ತಿಂಗಳು ತಮ್ಮ ದೇಶಕ್ಕೆ ಹೊರಟ ಇಂಜಿನಿಯರ್ ಸಾಹೇಬರು ತಮ್ಮ ನಾಯಿಯನ್ನು ನಿನ್ನ ಅಳಿಯನಿಗೆ ಕೊಟ್ಟುಹೋದರೆಂದು ಬರೆದಿದ್ದೆನಲ್ಲ. ಮೊಣಕಾಲಿಗೂ ಬಾರದ, ಕೆದರಿದ ಕೂದಲಿನ ಗಿಡ್ಡ ಜಾತಿ. ಕೇರ್ನ್ ಟೆರಿಯರ್ ಅಂತೆ. ಹಾಗೆಂದರೇನು ಎಂದು, ಹೊರಡುವ ಮುನ್ನ ಸಾಹೇಬರ ಹೆಂಡತಿ ಮೇಮಸಾಬರನ್ನು ಕೇಳಿದ್ದೆ. ಅವರ ಸ್ಕಾಟ್‌ಲೆಂಡಿನಲ್ಲಿ ಕೇರ್ನ್ ಎಂದರೆ ಕಲ್ಲುಗುಪ್ಪೆ. ಅದರ ಸಂದಿನಲ್ಲಿ ಅಡಗಿದ ನರಿಯನ್ನು ಈ ನಾಯಿ ಕೆದರಿ ಹೊರಗೆಳೆಯುತ್ತದೆ, ಅದಕ್ಕೇ ಆ ಹೆಸರು. ಹಿಂದೆ ಸತ್ತವರ ಮೇಲೂ ಅಂಥ ಗುಪ್ಪೆ ಒಟ್ಟುತ್ತಿದ್ದರು ಎಂದರು.

ಅಂದಿನಿಂದ ಕಣ್ಣು ಮುಚ್ಚಿರಲಿಲ್ಲ. ನಾಯಿ ದಿನಾ ಮೂತಿಗೆ ಮಣ್ಣು ಮೆತ್ತಿಕೊಂಡು ಬರುತ್ತಿತ್ತು. ಫರಸಿ ಕಲ್ಲಿನ ಖಣಿಯಾಚೆ ಹೊಲದ ಬದುವಿನಲ್ಲಿ ನನ್ನ ಮೊದಲ ಮಗನ ಮೇಲಿರುವುದೂ ಅದೇ ಕಲ್ಲಿನ ಗುಪ್ಪೆಯೇ ಅಲ್ಲವೇ? ಅವನು ಹೋಗಿ ಎರಡು ವರ್ಷ. ನಾನು ಅತ್ತ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ನಾಯಿಯನ್ನು ಸೇಡಂಗೆ, ನಿನ್ನ ಮನೆಗೆ ಕಳಿಸಿಬಿಡಿ ಎಂದು ಅತ್ತೆಯ ಮುಂದೆ ಹಟ ಹಿಡಿದೆ. ಅವರದೂ ಒಂದು ಹಟವಿದೆ: ಈ ಕೂಸಿಗೆ ಕಲ್ಲವ್ವ ಎಂದೇ ಹೆಸರಿಡಬೇಕು. ಒಂದು ಕೂಸು ಹೋದ ಮನೆಯಲ್ಲಿ ಕಲ್ಲಿನ ಹೆಸರಿಟ್ಟರೆ, ಇದು ಬೇಡದ್ದು ಎಂದು ಸಾವು ದಾಟಿಹೋಗುತ್ತದಂತೆ. ಹೈದರಾಬಾದಿನಲ್ಲಿ ಕಾಲೇಜು ಓದಿದವಳು, ಸಾವು ಹೆಸರು ಕೇಳಿಕೊಂಡು ಬರುತ್ತದೆಯೇ ಎಂದು ನಕ್ಕಿದ್ದೆ.

ಅತ್ತೆ ರೊಟ್ಟಿ ಬಡಿಯುವ ಕೈ ನಿಲ್ಲಿಸಿದರು. “ಅಲ್ಲವಾ ಸೂಗಮ್ಮ, ನಾಯಿ ಹೆಸರು ನಂಬಿ ನಿದ್ದಿ ಬಿಡ್ಲಿಕತ್ತಿ. ನಾ ಹೇಳೋ ಹೆಸರಿಗಿ ಮಾತ್ರ ನಗ್ತಿ. ಭಾಳ ಓದೀದಿ ನೋಡು!” ಎಂದರು.

ಮರುದಿನ ಹೊತ್ತೇರಿದ ಮೇಲೆ ಕೂಸನ್ನು ಬಗಲಲ್ಲಿ ಎತ್ತಿಕೊಂಡು ನಾಯಿಯ ಹಿಂದೆ ನಡೆದೆ. ಅದು ಖಣಿ ದಾಟಿ ಬದುವಿಗೇ ಹೋಯಿತು. ಗುಪ್ಪೆಯ ಬುಡದಲ್ಲಿ ಹೆಗ್ಗಣದ ಬಿಲ, ಪಕ್ಕದಲ್ಲಿ ನಾಯಿ ಕಚ್ಚಿ ಕೊಂದ ಹೆಗ್ಗಣ. ಅಗೆಯುತ್ತಿದ್ದುದು ಹೆಗ್ಗಣ, ನಾಯಿ ಅದರ ಬೆನ್ನು ಹತ್ತಿತ್ತು. ಒಂದು ಕಲ್ಲು ಜಾರಿತ್ತು. ಕೂಸನ್ನು ಸೆರಗು ಹಾಸಿ ಇಳಿಸಿ, ಆ ಕಲ್ಲನ್ನು ಎರಡೂ ಕೈಯಿಂದ ಎತ್ತಿ ಬಿಲದ ಬಾಯಿಗಿಟ್ಟೆ.

ಕಲ್ಲು ಬಿಸಿಲಿಗೆ ಬೆಚ್ಚಗಿತ್ತು, ಅವ್ವಾ. ಇಷ್ಟು ದಿನ ಅವನು ತಣ್ಣಗಿನ ಜಾಗದಲ್ಲಿದ್ದಾನೆ ಎಂದುಕೊಂಡಿದ್ದೆ.

ನಿನ್ನ
ಸೂಗಮ್ಮ

ತಾ.ಕ.: ನಾಯಿಯನ್ನು ಸೇಡಂಗೆ ಒಯ್ಯಲು ಯಾರನ್ನೂ ಕಳಿಸಬೇಡ. ಬರುವ ಸೋಮವಾರ ತೊಟ್ಟಿಲು, ನೀನು ಬಾ. ಹೆಸರು ಕಲ್ಲವ್ವ. ತಮ್ಮ ಮಾತಿಗೆ ಸೋತೆನೆಂದು ಅತ್ತೆ ತಿಳಿದಿದ್ದಾರೆ. ಕಲ್ಲು ಮುಟ್ಟಿ ಬಂದದ್ದನ್ನು ಅವರಿಗೆ ಹೇಳಿಲ್ಲ.