ನಜೀರಣ್ಣ ಒತ್ತದೆ ಉಳಿದ ನಾಲ್ಕನೇ ಅಂಕಿ

ನನ್ನ ಕೈ ಹಿಡಿದು ಕೆಲಸ ಕಲಿಸಿದ ನಜೀರಣ್ಣನಿಗೆ,

ಮೇಲೂರಿನ ಮುನಿಶಾಮಪ್ಪನವರ ರೇಷ್ಮೆ ಗೋದಾಮಿಗೆ, ಕಳ್ಳರು ನುಗ್ಗಿದರೆ ಕೂಗುವ ಗಂಟೆ ಕೂರಿಸಲು ಹೋದ ಬೆಳಿಗ್ಗೆ ನೆನಪಿದೆಯೇ? ಶಿಡ್ಲಘಟ್ಟದಿಂದ ಇಬ್ಬರಿಗೂ ಒಂದೇ ಸೈಕಲ್ಲು. ಐವತ್ತೈದರ ನೀವು ತುಳಿಯುತ್ತಿದ್ದಿರಿ, ಇಪ್ಪತ್ತಾರರ ನಾನು ಹಿಂದೆ ಕೂತು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಇಂಗ್ಲಿಷ್ ಪುಸ್ತಕ ಓದುತ್ತಿದ್ದೆ. ದಾರಿಯಲ್ಲಿ ಕಂಡವರು ನನ್ನ ಬಗ್ಗೆ ಏನೆಂದುಕೊಂಡರೋ! ಚಿಕ್ಕಬಳ್ಳಾಪುರದಲ್ಲಿ ಬಿ.ಎಸ್ಸಿ. ಮುಗಿಸಿ ನಿಮ್ಮ ರೇಡಿಯೋ ರಿಪೇರಿ ಅಂಗಡಿ ಸೇರಿದ ದಿನವೇ ನೀವು ನನ್ನ ಹೆಸರನ್ನು ಅಳಿಸಿ 'ಡಿಗ್ರಿ' ಎಂದು ಬರೆದುಕೊಂಡಿರಿ. ನಿಮ್ಮ ಬೆಸುಗೆ ಕಡ್ಡಿಗಿರುವಷ್ಟು ಡಿಗ್ರಿ ನನಗಿಲ್ಲ ಎಂದು ನಾನು ಹೇಳಿದಾಗಲೆಲ್ಲ, ಅದಕ್ಕಿರುವಷ್ಟು ಉಪಯೋಗವೂ ಇಲ್ಲ ಎಂದು ಸೇರಿಸುತ್ತಿದ್ದಿರಿ.

ಗೋದಾಮಿನ ಒಳಗೋಡೆಗೆ ನೀವು ಅಂಕಿ ಗುಂಡಿಗಳ ಕೀಪ್ಯಾಡ್ ಕೂರಿಸಿದ್ದು ಇವತ್ತಿಗೂ ಕಣ್ಣಲ್ಲಿದೆ. ಅಟ್ಟದ ಮೇಲಿನ ಪೆಟ್ಟಿಗೆಯಿಂದ ಅಲ್ಲಿಗೆ ನಾಲ್ಕೆಳೆಯ ವೈರು. ಕೆಂಪು, ಕಪ್ಪಿನಲ್ಲಿ ಕರೆಂಟು. ಹಸಿರು, ಹಳದಿಯಲ್ಲಿ ಗುಂಡಿ ಒತ್ತಿದ ಸುದ್ದಿ. ದೀಪವೇನೋ ಹತ್ತಿತು, ಯಾವ ಗುಂಡಿ ಒತ್ತಿದರೂ ಉತ್ತರವಿಲ್ಲ. ಒಂದು ಗಂಟೆ ಹುಡುಕಿದ ಮೇಲೆ ನೋಡಿದರೆ, ನೀವು ಹಸಿರು ವೈರನ್ನು ನೆಟ್ಟಗೆ ಅಂಗಳದ ಅರ್ತಿಂಗ್ ಗುಂಡಿಗೆ ಒಯ್ದಿದ್ದಿರಿ. "ಹಸಿರು ಅಂದ್ರೆ ಅರ್ತು ಕಣಪ್ಪ ಡಿಗ್ರಿ. ಮೂವತ್ತು ವರ್ಷದಿಂದ ಅದನ್ನ ಮಣ್ಣಿಗೇ ಕಳಿಸ್ತಾ ಇದೀನಿ" ಎಂದಿರಿ. ಮನೆ ವೈರಿಂಗಿನಲ್ಲಿ ಸರಿ ಅಣ್ಣ, ಇಲ್ಲಿ ಆ ಹಸಿರೇ ಮಾತಾಡುವ ವೈರು ಎಂದು ನಾನು ಪುಸ್ತಕ ತೋರಿಸಿದೆ. ಅರ್ತು ಬಿಡಿಸಿದ ಮೇಲೆಯೇ ಕೀಪ್ಯಾಡಿಗೆ ನಮ್ಮ ಮಾತು ಅರ್ಥವಾಗಿದ್ದು. ಎಷ್ಟು ನಕ್ಕಿದ್ದೆವು ಅವತ್ತು...

ಮುನಿಶಾಮಪ್ಪನವರನ್ನು ನೀವು ಬಾಗಿಲಿಂದ ಕೀಪ್ಯಾಡಿನವರೆಗೆ ಎರಡು ಸಲ ನಡೆಸಿದ್ದು ನೆನಪಾಗುತ್ತದೆ. ಕೋಲೂರಿಕೊಂಡು ಅವರು ಎಷ್ಟು ಹೊತ್ತಿನಲ್ಲಿ ತಲುಪುತ್ತಾರೆಂದು ಗಡಿಯಾರ ನೋಡಿ, ಬಾಗಿಲು ತೆರೆದ ನಲವತ್ತು ಸೆಕೆಂಡಿನ ತನಕ ಗಂಟೆ ಕೂಗದ ಹಾಗೆ ಕೂರಿಸಿದಿರಿ. ಕಂಪನಿಯವರು ಇಟ್ಟಿದ್ದು ಇಪ್ಪತ್ತು. ಕಂಪನಿಯವರಿಗೆ ಮಂಡಿನೋವಿಲ್ಲ ಎಂದಿರಿ.

ಆಮೇಲೆ ಗಂಟೆ ಕೂಗದಂತೆ ಅವರು ಒತ್ತಬೇಕಾದ ನಾಲ್ಕು ಗುಟ್ಟಿನ ಅಂಕಿ. ಸುತ್ತ ರೇಷ್ಮೆ ನೂಲು ಹುರಿ ಮಾಡುವ ಕೆಲಸದವರು ಹತ್ತು ಜನ ಕೆಲಸ ಬಿಟ್ಟು ನಿಂತಿದ್ದರು. ಮುನಿಶಾಮಪ್ಪನವರಿಗೆ ಓದು ಬಾರದು. ಆದರೆ ರೇಷ್ಮೆಗೆ ಬರುವ ಮುಂಚೆ ಜಾತ್ರೆಗಳಲ್ಲಿ ಎತ್ತಿನ ದಲ್ಲಾಳಿಯಾಗಿದ್ದವರು. ನೀವು ಹೆಗಲ ಟವೆಲ್ ತೆಗೆದು ಇಬ್ಬರ ಕೈಮೇಲೂ ಹೊದಿಸಿದಿರಿ. ಎತ್ತಿನ ಬೆಲೆ ಹೇಳುವ ಹಾಗೆ ಟವೆಲ್ಲಿನಡಿ ಬೆರಳು ಹಿಡಿದು ಅಂಕಿ ದಾಟಿಸಿದಿರಿ: ಎಷ್ಟು ಬೆರಳೋ ಅಷ್ಟು, ಇಡೀ ಕೈ ಹಿಡಿದರೆ ಐದು. ಅವರು ಗುಂಡಿಗಳನ್ನು ಮೊದಲಿಂದ ಎಣಿಸಿ ಎಣಿಸಿ ಒತ್ತಿದರು, ಸರಿಯಾಯಿತು. ಇಂಗ್ಲಿಷ್ ಪುಸ್ತಕದಲ್ಲಿ ಈ ಪಾಠ ಇರಲಿಲ್ಲ, ಅಣ್ಣ.

ಪೆಟ್ಟಿಗೆ ಕೂರಿಸಿದವರಿಗೇ ಅಂಥದೇ ನಾಲ್ಕರ ಒಂದು ಅಂಕಿ ಬೇರೆ ಇತ್ತು. ಅದಿಲ್ಲದೆ ಯಾರ ಅಂಕಿಯನ್ನೂ ಬದಲಿಸುವಂತಿಲ್ಲ. ಅದನ್ನು ನೀವು ನನಗೆ ಬೆನ್ನು ಹಾಕಿ ಒತ್ತಿದಿರಿ. ಅಂಗಡಿಯ ಪುಸ್ತಕದಲ್ಲಿ ಬರೆದಿಡೋಣ ಎಂದೆ. "ಬರ್ದಿಟ್ರೆ ಗುಟ್ಟು ಹೆಂಗಾಗ್ತದೆ? ಹೋಗೋಕೆ ಮುಂಚೆ ನಿನ್ ಕೈಗೇ ಹಾಕ್ತೀನಿ ಬಿಡಪ್ಪ" ಎಂದಿರಿ. ಎಲ್ಲಿಗೆ ಹೋಗೋದು, ಪಕ್ಕದ ಜಂಗಮಕೋಟೆಗಾ, ಎಂದು ನಾನು ಛೇಡಿಸಿದೆ. ನೀವು ನಕ್ಕಿರಿ. ನಾನು ಯಾಕಾದರೂ ಹಾಗೆ...

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಆ ಕೊನೆಯ ಮಧ್ಯಾಹ್ನ ನಿಮಗೆ ಮಾತು ಬಿದ್ದುಹೋಗಿತ್ತು. ಹೊದಿಕೆಯ ಕೆಳಗೆ ನನ್ನ ಕೈ ಹುಡುಕಿ ಕೆಲವು ಬೆರಳು ಹಿಡಿದಿರಿ, ಬಿಟ್ಟಿರಿ. ಮತ್ತೆ ಹಿಡಿದಿರಿ, ಬಿಟ್ಟಿರಿ. ಮೂರನೆಯ ಸಲವೂ. ಕೈಗೆ ಸೆಳೆತ ಬಂದಿದೆ ಎಂದು ಹೆದರಿ, ಸುಮ್ಮನೆ ಮಲಗಿ ಅಣ್ಣ ಎಂದು ಗದರಿ, ನಾನು ಕೈ ಎಳೆದುಕೊಂಡು ನರ್ಸನ್ನು ಕರೆಯಲು ಓಡಿದೆ. ಬರುವಷ್ಟರಲ್ಲಿ ನಿಮ್ಮ ಕೈ ಹಾಗೇ ಬಿಚ್ಚಿಕೊಂಡು ಬಿದ್ದಿತ್ತು. ಮತ್ತೆ ನೀವು ಕಣ್ಣು ತೆರೆಯಲಿಲ್ಲ. ಬಿ.ಎಸ್ಸಿ. ಓದಿದವನಿಗೆ ಮೂರರವರೆಗೆ ಎಣಿಸಲೂ ಬರಲಿಲ್ಲವಲ್ಲ?

ಹೋದ ವಾರ ಮುನಿಶಾಮಪ್ಪನವರು ಅಂಗಡಿಗೆ ಹೇಳಿಕಳಿಸಿದರು. ಎಂಟು ತಿಂಗಳಿಂದ ನಿಮ್ಮ ಸ್ಟೂಲು ಖಾಲಿ. ಅದರ ಮೇಲೆ ನಾನು ಏನನ್ನೂ ಇಡುವುದಿಲ್ಲ. ಹಾಗಾಗಿ ಬೆಂಚಿನ ಮೇಲೆ ಜಾಗ ಸಾಲದು, ಅಂಗಡಿಯಲ್ಲಿ ಮಾತ್ರ ಜಾಗವೋ ಜಾಗ. ಮೇಲೂರಿಗೆ ಹೋದರೆ, ದಿನವೂ ಒತ್ತಿ ಒತ್ತಿ ನಾಲ್ಕು ಗುಂಡಿ ಮಾತ್ರ ಮಾಸಿ, ಅವರ ಗುಟ್ಟು ಗೋಡೆಯ ಮೇಲೆ ಬರೆದಂತಿತ್ತು. ಹೊಸ ಅಂಕಿ ಹಾಕಬೇಕು. ಅದಕ್ಕೆ ನಿಮ್ಮ ಅಂಕಿ ಬೇಕು. ಇಲ್ಲವೆಂದರೆ ಬ್ಯಾಟರಿ ಬಿಚ್ಚಿ ಎಲ್ಲ ಅಳಿಸಿ ಮತ್ತೆ ಕೂರಿಸಬೇಕು. ನನಗೆ ಕಷ್ಟದ ಕೆಲಸವಲ್ಲ. ಆದರೆ ಊರಲ್ಲಿ ನೀವು ಕೂರಿಸಿದ ಹಾಗೇ ಇನ್ನೂ ನಡೆಯುತ್ತಿರುವುದು ಆ ಪೆಟ್ಟಿಗೆಯೊಂದೇ. ಅದನ್ನೂ ನನ್ನ ಕೈಯಾರೆ ಅಳಿಸುವುದೇ?

ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡೆ. ಮುದುಕರು ಕೋಲು ಗೋಡೆಗೊರಗಿಸಿ, "ಸಾಬ್ರು ನಿನ್ ಕೈಗೆ ಹಾಕ್ಲಿಲ್ವಾ?" ಎಂದರು.

ಆಗ ಹೊಳೆಯಿತು, ಅಣ್ಣ. ಎಂಟು ತಿಂಗಳ ಮೇಲೆ. ಮೂರು ಹಿಡಿತವೂ ಕೈಯಲ್ಲಿ ಹಾಗೇ ಇದ್ದವು, ಬೆರಳು ಬೆರಳಾಗಿ. ನಾಲ್ಕನೆಯದು ಮಾತ್ರ ಇಲ್ಲ. ಮೂರು ಸಲ ತಪ್ಪಿದರೆ ಸೈರನ್ ಕೂಗಿ ಗುಂಡಿಗಳೆಲ್ಲ ಬಂದ್. ಲೆಕ್ಕ ಹಾಕಿ, ಆ ಮೂರರ ಕೊನೆಗೊಂದು ನಾಲ್ಕು ಸೇರಿಸಿ ಒತ್ತಿದೆ. ಕೀಪ್ಯಾಡ್ ಥೇಟ್ ನಿಮ್ಮ ಹಾಗೆ ಬೈಯಿತು.

ಮುನಿಶಾಮಪ್ಪನವರು ನನ್ನ ಅಂಗೈಯನ್ನೇ ನೋಡುತ್ತಿದ್ದರು. "ಯಾಪಾರ ಮುಗ್ಸೋವಾಗ ಇಡೀ ಕೈ ಹಿಡೀತಾರೆ ಕಣಪ್ಪ" ಎಂದರು.

ಐದು ಒತ್ತಿದೆ. ಉದ್ದಕ್ಕೊಂದು ದನಿ ಬಂತು, ಹಸಿರು ದೀಪ ಹತ್ತಿತು.

ಮುನಿಶಾಮಪ್ಪನವರಿಗೆ ಹೊಸ ಅಂಕಿ ಹಾಕಿದ್ದೇನೆ, ಟವೆಲ್ಲಿನಡಿಯಲ್ಲೇ. ನಲವತ್ತು ಸೆಕೆಂಡು ಹಾಗೇ ಇದೆ. ನಿಮ್ಮ ಅಂಕಿಯನ್ನು ಮುಟ್ಟಿಲ್ಲ. ಮೊದಲ ಮೂರನ್ನು ಇಲ್ಲಿ ಬರೆಯುವುದೂ ಇಲ್ಲ. ಬರೆದಿಟ್ಟರೆ ಗುಟ್ಟು ಹೇಗಾಗುತ್ತದೆ? ಅದೀಗ ನನ್ನ ಕೈಯಲ್ಲಿದೆ, ಮುಂದೆ ಹಾಕಲು ಇನ್ನೊಂದು ಕೈ ಇಲ್ಲ, ಅಷ್ಟೇ.

ಶುಕ್ರವಾರ ಅಂಗಡಿಗೆ ಬೀಗ ಹಾಕಿ ಖಬರಸ್ತಾನಕ್ಕೆ ಬರ್ತೀನಿ, ನಜೀರಣ್ಣ. ನಿಮ್ಮ ಮಣ್ಣಿನ ಮೇಲೆ ಇಡೀ ಕೈ ಇಟ್ಟು ಕೂರುತ್ತೇನೆ. ಈ ಸಲ ಬೇಗ ತೆಗೆಯುವುದಿಲ್ಲ.

ನಿಮ್ಮ
ಡಿಗ್ರಿ