ಓಡದ ಕೈ

ಮರಳಿ, ತಾ. ಗಂಗಾವತಿ
೧೪ ಡಿಸೆಂಬರ್ ೨೦೨೫, ರವಿವಾರ

ಪ್ರೀತಿಯ ರುದ್ರೇಶಣ್ಣಾ,

ನಿನ್ನ ತಮ್ಮ ಕಳಕೇಶನ ನಮಸ್ಕಾರ. ಮೊದಲು ನಿನ್ನ ಆರೋಗ್ಯದ ಮಾತು. ಕುಲುಮೆಯ ಮುಂದೆ ನಿಂತು ನಿಂತು ನಿನ್ನ ಕಣ್ಣು ಉರಿಯುತ್ತವೆ ಎಂದು ಮಲ್ಲೇಶ್ವರಿ ವೈನಿ ಅವ್ವನಿಗೆ ಫೋನಿನಲ್ಲಿ ಹೇಳುತ್ತಿದ್ದದ್ದು ನನ್ನ ಕಿವಿಗೂ ಬಿತ್ತು. ಈಗ ಹೇಗಿವೆ? ಪಾಳಿ ಮುಗಿಸಿ ಬಂದವನು ಉಣ್ಣದೆ ಮಲಗಿಬಿಡುತ್ತೀಯಂತೆ. ಹಾಗೆ ಮಾಡಬೇಡ. ನಿನ್ನ ಮಗಳು ಈಗ ಮೊದಲನೇ ಇಯತ್ತೆ, ಅಲ್ಲವೇ? ನನ್ನ ಮುಖ ಅವಳಿಗೆ ನೆನಪಿದೆಯೋ ಇಲ್ಲವೋ. ಇಲ್ಲಿ ಅವ್ವ ಆರಾಮ ಇದ್ದಾಳೆ. ಅಪ್ಪನ ಮೊಣಕಾಲು ಮಾತ್ರ ಚಳಿ ಬಿದ್ದ ಮೇಲೆ ಅವನ ಮಾತು ಕೇಳುತ್ತಿಲ್ಲ, ಅವನು ಡಾಕ್ಟರ ಮಾತು ಕೇಳುತ್ತಿಲ್ಲ. ನೀನಿರುವ ಗಿಣಿಗೇರಾ ಬಸ್ಸಿಗೆ ಎರಡು ತಾಸು ಹಿಡಿಯದ ದಾರಿ, ಅಷ್ಟಕ್ಕೆ ಕಾಗದ ಯಾಕೆ ಎಂದು ನಗಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನಾನು ಗಡಬಡಿಸಿ ಏನಾದರೂ ಅಂದುಬಿಡುತ್ತೇನೆ. ನನ್ನ ಕೈಗಿರುವ ರೋಗ ನಾಲಿಗೆಗೂ ಇದೆ, ನಿನಗೆ ಗೊತ್ತಲ್ಲ. ಪೆನ್ನು ಹಿಡಿದರೆ ಸ್ವಲ್ಪ ನಿಧಾನ ಬರುತ್ತದೆ.

ನೀನು ಹೋದ ಮೇಲೆ ನಾನು ಏನು ಮಾಡಿಕೊಂಡಿದ್ದೇನೆ ಎಂದು ನಿನಗೆ ಯಾರಾದರೂ ಹೇಳಿರಬಹುದು, ಸರಿಯಾಗಿ ಹೇಳಿರಲಾರರು. ಸಂಬಂಧ ನೋಡಲು ಬಂದವರಿಗೆ ಅಪ್ಪ ‘ಕಂಪ್ಯೂಟರ್ ಕೆಲಸ ಮಾಡ್ತಾನ್ರಿ’ ಎನ್ನುತ್ತಾನೆ. ಯಾವ ಕಂಪನಿ ಎಂದು ಕೇಳಿದರೆ ಚಹಾ ತರಲು ಒಳಗೆ ಹೋಗುತ್ತಾನೆ. ಕಂಪನಿ ಇಲ್ಲ. ಆಫ್ರೋಬೀಟ್ ಎಂಬ ಸಂಗೀತವಿದೆ, ಹುಟ್ಟಿದ್ದು ಆಫ್ರಿಕಾದ ನೈಜೀರಿಯಾದಲ್ಲಿ, ಈಗ ಎಲ್ಲ ದೇಶಗಳಲ್ಲೂ ಬಾರಿಸುತ್ತಾರೆ. ಯಾರಿಗೋ ಹಾಡಿಗೆ ವಾದ್ಯದ ಕೈ ಬೇಕಿರುತ್ತದೆ, ಯಾರಿಗೋ ಬಿಡಿಬಿಡಿಯಾಗಿ ಬಾರಿಸಿದ್ದನ್ನು ಸೇರಿಸಿ ಒಂದು ಹಾಡಾಗಿ ಕಟ್ಟಿಕೊಡಬೇಕಿರುತ್ತದೆ. ಅವರು ಇಂಟರ್ನೆಟ್ಟಿನಲ್ಲಿ ಕಳಿಸುತ್ತಾರೆ, ನಾನು ಬಾರಿಸಿ, ಕಟ್ಟಿ, ತಿರುಗಿ ಕಳಿಸುತ್ತೇನೆ. ಒಬ್ಬರ ಕೆಲಸ ಮುಗಿಯಿತೆಂದರೆ ಇನ್ನೊಬ್ಬರನ್ನು ಹುಡುಕಬೇಕು. ನಮ್ಮ ಭತ್ತದ ಕೋಣೆಯೇ ಸ್ಟುಡಿಯೋ. ಸದ್ದು ಗೋಡೆಗೆ ಬಡಿದು ತಿರುಗಿ ಬರಬಾರದೆಂದು ಸುತ್ತಲೂ ಅವ್ವನ ಹಳೆಯ ಕೌದಿಗಳನ್ನು ತೂಗುಹಾಕಿದ್ದೇನೆ. ಕೊಯ್ಲಾಗಿ ಚೀಲ ಬಂದು ಬಿದ್ದವೆಂದರೆ ಕೋಣೆ ಗಪ್ಪಾಗಿ ಕೂರುತ್ತದೆ, ಬಾರಿಸಿದ್ದು ಅಚ್ಚುಕಟ್ಟಾಗಿ ಕೇಳುತ್ತದೆ. ಭತ್ತ ಮಾರಿದ ವಾರ ಅದೇ ಕೋಣೆ ಗುಂಯ್ ಎನ್ನುತ್ತದೆ. ಹೋದ ಬೇಸಿಗೆಯಲ್ಲಿ ಲಂಡನ್ನಿನವರೊಬ್ಬರು ಜಾಗ ಬದಲಾಯಿಸಿದಿರಾ ಎಂದು ಕೇಳಿದರು. ಇಲ್ಲ ಸಾಹೇಬರೇ, ಭತ್ತ ಮಾರಿದೆವು ಎಂದು ಹೇಗೆ ಹೇಳಲಿ?

ಪಕ್ಕದ ಮನೆಯ ಗೌಸಬೀ ಚಿಕ್ಕಮ್ಮ ಬೇಲಿಯ ಮೇಲೆ ಒಣಗಿದ್ದ ದೊಡ್ಡ ಸೋರೆಕಾಯಿಯೊಂದನ್ನು ಕೊಟ್ಟಳು. ಅದರ ತಿರುಳು ತೆಗೆದು ಬುರುಡೆ ಮಾಡಿದೆ, ಅವ್ವ ಅದರ ಸುತ್ತ ಮಣಿಗಳ ಬಲೆ ಹೆಣೆದಳು. ಆಫ್ರಿಕಾದವರು ಅದನ್ನು ಶೆಕೆರೆ ಎನ್ನುತ್ತಾರೆ, ಅಲ್ಲಾಡಿಸಿದರೆ ಛಕ್ ಛಕ್ ಎನ್ನುತ್ತದೆ. ಅದು ನಾಲ್ಕು ಹಾಡುಗಳಲ್ಲಿ ಕೇಳಿಸಿದ ಮೇಲೆ ಗೌಸಬೀ ಚಿಕ್ಕಮ್ಮ ‘ನಮ್ಮ ಕಾಯಿ ಪರದೇಶಕ್ಕ ಹೋತು ನೋಡಪಾ, ನಾ ಇನ್ನಾ ಗಂಗಾವತಿ ದಾಟಿಲ್ಲ’ ಎಂದು ಓಣಿಗೆಲ್ಲ ಹೇಳಿಕೊಂಡು ಬಂದಳು. ಅವಳನ್ನು ನೋಡಿದರೆ ನನಗೆ ಈ ಕೆಲಸದ ಮೇಲೆ ನಂಬಿಕೆ ಬರುತ್ತದೆ.

ಆದರೆ ಆ ಕೋಣೆಯಲ್ಲಿ ಇನ್ನೊಂದು ವಸ್ತುವೂ ಇದೆ. ಈಶಾನ್ಯದ ಮೂಲೆಯಲ್ಲಿ ನಿನ್ನ ದಿಮ್ಮು, ನೀನು ಇಟ್ಟ ಹಾಗೇ, ಬಾರಿಸುವ ಚರ್ಮದ ಬಾಯಿ ನೆಲಕ್ಕೆ. ಅವ್ವ ಸುತ್ತ ಕಸ ಗುಡಿಸುತ್ತಾಳೆ, ಅದನ್ನು ಮುಟ್ಟುವುದಿಲ್ಲ. ನಮ್ಮ ಮನೆಯ ಕರಡಿ ಮಜಲಿನ ಮೇಳಕ್ಕೆ ಮುತ್ತಜ್ಜನ ಕಾಲದಿಂದ ಇರುವ ಕಟ್ಟು ಅದು. ನಾಲ್ಕು ಜನರೆದುರು ಲಯ ತಪ್ಪಿ ಮೇಳ ಮುರಿದರೆ, ಮುರಿದವನು ತನ್ನ ವಾದ್ಯವನ್ನು ಹಿರಿಯನ ಮುಂದೆ ಬಾಯಿ ಕೆಳಗೆ ಮಾಡಿ ನಿಲ್ಲಿಸಬೇಕು. ಹಿರಿಯ ತಾನೇ ಎತ್ತಿ ಕೈಗೆ ಕೊಡುವ ತನಕ ಮುಟ್ಟುವಂತಿಲ್ಲ. ಸಾಮಾನ್ಯವಾಗಿ ಹದಿನೈದು ದಿನಕ್ಕೆ, ತಿಂಗಳಿಗೆ ಅಪ್ಪ ಎತ್ತಿ ಕೊಟ್ಟುಬಿಡುತ್ತಿದ್ದ. ನಿನ್ನ ವಿಷಯದಲ್ಲಿ ಅವನು ಎತ್ತುವಷ್ಟರಲ್ಲಿ ನೀನೇ ಇರಲಿಲ್ಲ. ನೀನು ಕೇಳಲಿ ಎಂದು ಅವನು, ಅವನು ಕರೆಯಲಿ ಎಂದು ನೀನು. ಹೀಗೆ ಮೂರು ವರ್ಷ.

ಇಟಗಿಯ ಆ ಸಂಜೆಯನ್ನು ನಾನು ನೆನಪಿಸಬೇಕಾಗಿಲ್ಲ, ಆದರೂ ಬರೆಯುತ್ತೇನೆ, ಯಾಕೆಂದರೆ ಅದನ್ನು ಬರೆಯಲಿಕ್ಕೇ ಈ ಕಾಗದ. ಮಹಾದೇವ ಗುಡಿಯ ಮುಂದೆ ನಮ್ಮ ಕರಡಿ ಮಜಲು. ಅಪ್ಪ ಮೊಣಕಾಲಿನ ದೆಸೆಯಿಂದ ಬಾರಿಸುವುದು ಬಿಟ್ಟು ಕೆಳಗೆ ಕುರ್ಚಿಯಲ್ಲಿದ್ದ. ನಡುವೆ ನಾನು, ಕೊರಳಿಗೆ ಕರಡಿ ವಾದ್ಯ ಹಾಕಿಕೊಂಡು, ಎರಡು ಕೋಲಿನಲ್ಲಿ ಇಡೀ ಊರನ್ನು ಎಬ್ಬಿಸುವವನ ಹಾಗೆ. ಪಕ್ಕದಲ್ಲಿ ನೀನು, ದಿಮ್ಮು. ಧಿಮ್, ಬಿಡುವು, ಧಿಮ್ ಧಿಮ್, ಬಿಡುವು. ಆ ಕಡೆ ಈ ಕಡೆ ತಾಳದವರು. ಜನ ಮೊಬೈಲ್ ಎತ್ತಿ ಹಿಡಿದರು, ನನಗೆ ಹುರುಪು ಬಂತು, ಆಮೇಲೆ ಏನಾಯಿತೋ, ಮೇಳ ಮುರಿಯಿತು. ನನ್ನ ಏಟು ಒಂದು ಕಡೆ, ನಿನ್ನ ಏಟು ಒಂದು ಕಡೆ. ಅಪ್ಪ ಎದ್ದು ನಿಂತು ಏನಾಯ್ತು ಎಂದು ಕೇಳಿದಾಗ ನಾನೇ ಮೊದಲು ಬಾಯಿ ತೆಗೆದೆ. ‘ಅಣ್ಣ ಹಿಂದ ಬಿದ್ದಾ. ಎರಡ ಏಟಿನ ದಿಮ್ಮು, ಅದನ್ನೂ ಹಿಡಿಯಾಕ ಬರಲಿಲ್ಲ ಅಂದ್ರ ಏನ್ ಮಾಡೂದು? ಕಂಬಕ್ಕ ಕಟ್ಟಿದ್ರ ಕಂಬಾನೂ ಬಾರಸ್ತದ’ ಎಂದೆ. ಅಷ್ಟು ಜನರ ಮುಂದೆ. ತಾಳದವರು ನನ್ನ ಜೊತೆಗೇ ಇದ್ದದ್ದರಿಂದ ಹೂಂ ಎಂದರು. ನಾಲ್ಕು ಜನ ಒಂದು ಕಡೆ, ನೀನೊಬ್ಬ ಒಂದು ಕಡೆ. ಅಪ್ಪ ನಿನ್ನ ಮುಖ ನೋಡಿದ. ನೀನು ಒಂದೇ ಮಾತು ಅಂದೆ, ‘ನಾ ಎಲ್ಲಿದ್ನೋ ಅಲ್ಲೇ ಅದೀನಿ’ ಎಂದು. ಅದು ಯಾರಿಗೂ ಅರ್ಥವಾಗಲಿಲ್ಲ. ಮನೆಗೆ ಬಂದು ನೀನು ದಿಮ್ಮು ನಿಲ್ಲಿಸಿದೆ, ವಾರದೊಳಗೆ ಗಿಣಿಗೇರಾದ ಕಾರ್ಖಾನೆ ಸೇರಿದೆ.

ಈಗ ನೈಜೀರಿಯಾದ ಲಾಗೋಸಿನವರ ಕಥೆ ಕೇಳು. ಅಲ್ಲಿ ಅಡೆಬಯೋ ಎಂಬ ದೊಡ್ಡ ವಾದ್ಯಗಾರರಿದ್ದಾರೆ, ಅಪ್ಪನ ವಯಸ್ಸು, ಸ್ವಂತ ತಂಡ. ಅವ್ವ ಅವರನ್ನು ಅಡವಯ್ಯನವರು ಎನ್ನುತ್ತಾಳೆ, ಯಾವುದೋ ಮಠದ ಅಯ್ಯನವರ ಹಾಗೆ. ಹೋದ ವರ್ಷದಿಂದ ನನಗೆ ಅವರೇ ಹೆಚ್ಚು ಕೆಲಸ ಕೊಡುವವರು. ಅವರ ಹಾಡು ಒಂದೊಂದು ಹದಿನೈದು ನಿಮಿಷ. ಹತ್ತು ಜನ ಬಾರಿಸುತ್ತಾರೆ, ಒಬ್ಬೊಬ್ಬನಿಗೆ ಮೂರು ನಾಲ್ಕು ಏಟು ಅಷ್ಟೇ. ಅದನ್ನೇ ಮೊದಲಿನಿಂದ ಕೊನೆಯ ತನಕ ಓಡದೆ, ನಿಲ್ಲದೆ, ಅಲಂಕಾರ ಮಾಡದೆ ಬಾರಿಸಬೇಕು. ಒಬ್ಬ ಬಿಟ್ಟ ಬಿಡುವಿನಲ್ಲಿ ಇನ್ನೊಬ್ಬನ ಏಟು ಕೂರುತ್ತದೆ. ನಾನು ಕಳಿಸಿದ್ದನ್ನು ಅವರು ಮೂರು ಸಲ ತಿರುಗಿ ಕಳಿಸಿದರು. ‘ನಿನ್ನ ಕೈ ಚೆಂದ, ಆದರೆ ಅದಕ್ಕೆ ಯಾವಾಗಲೂ ಮನೆಗೆ ಹೋಗುವ ಅವಸರ’ ಎಂದರು. ನನಗೆ ಸಿಟ್ಟು ಬಂತು. ಏರುತ್ತ ಏರುತ್ತ ಕೊನೆಗೆ ಕೋಲೇ ಕಾಣದ ಹಾಗೆ ಬಾರಿಸುವ ಮಜಲಿನಲ್ಲಿ ಬೆಳೆದ ಕೈ ಇದು. ಇದಕ್ಕೆ ನಿಲ್ಲುವುದನ್ನು ಯಾರು ಕಲಿಸಿದ್ದಾರೆ?

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಫೋನಿನಲ್ಲಿ ಜಾಗ ಸಾಲದೆ ಹಳೆಯದನ್ನೆಲ್ಲ ಅಳಿಸುತ್ತಿದ್ದೆ. ಇಟಗಿಯ ಆ ಸಂಜೆ ವೈನಿ ತಮ್ಮ ಮೊಬೈಲಿನಲ್ಲಿ ಹಿಡಿದು ಕಳಿಸಿದ್ದ ಹನ್ನೊಂದು ನಿಮಿಷದ ವಿಡಿಯೋ ಸಿಕ್ಕಿತು. ನಾನು ಅದನ್ನು ತೆರೆದು ನೋಡಿರಲೇ ಇಲ್ಲ. ಸದ್ದನ್ನಷ್ಟೇ ಬಿಡಿಸಿ ಕಂಪ್ಯೂಟರಿಗೆ ಹಾಕಿದೆ. ಅಲ್ಲಿ ಪ್ರತಿ ಏಟೂ ಪರದೆಯ ಮೇಲೆ ಒಂದು ಮುಳ್ಳಿನ ಹಾಗೆ ಕಾಣುತ್ತದೆ, ಸಮನಾಗಿ ಗೆರೆ ಎಳೆದು ಯಾರ ಏಟು ಎಲ್ಲಿ ಬಿತ್ತು ಎಂದು ಅಳೆಯಬಹುದು. ಅಣ್ಣಾ, ನಿನ್ನ ಏಟು ಮೊದಲ ನಿಮಿಷದಲ್ಲಿ ಗೆರೆಯ ಮೇಲೆ, ಐದನೆಯದರಲ್ಲಿ ಗೆರೆಯ ಮೇಲೆ, ಮೇಳ ಮುರಿದು ಹೋದ ಗಳಿಗೆಯಲ್ಲೂ ಗೆರೆಯ ಮೇಲೆ. ನಾನು ಏರುವ ಘಟ್ಟ ಬರುವ ಮೊದಲೇ, ಏಳನೆಯ ನಿಮಿಷದಿಂದ ಓಡಿದ್ದೇನೆ. ದೊಡ್ಡ ಸದ್ದು ನನ್ನದಾದ್ದರಿಂದ ತಾಳದವರು ನನ್ನ ಹಿಂದೆ ಓಡಿದ್ದಾರೆ. ನೀನೊಬ್ಬನೇ ನಿಂತೆ. ಎಲ್ಲರೂ ಓಡುವಾಗ ನಿಂತವನೇ ತಪ್ಪಿದಂತೆ ಕಂಡ. ಆ ಸಂಜೆ ನಾನು ಬೇಕೆಂದು ಸುಳ್ಳು ಹೇಳಲಿಲ್ಲ, ಮಹಾದೇವನಾಣೆ. ಓಡುವವನಿಗೆ ತಾನು ಓಡುತ್ತಿದ್ದೇನೆಂದು ತಿಳಿಯುವುದಿಲ್ಲ, ಉಳಿದವರು ಹಿಂದೆ ಬಿದ್ದಂತೆ ಕಾಣುತ್ತದೆ. ಆದರೆ ಶ್ರಾವಣದಿಂದ ಇಲ್ಲಿಯ ತನಕ ಬಾಯಿ ಮುಚ್ಚಿಕೊಂಡಿದ್ದೇನಲ್ಲ, ಅದು ಬೇಕೆಂದೇ ಮಾಡಿದ್ದು. ಅದಕ್ಕೆ ಆಣೆ ಇಲ್ಲ.

ಅಷ್ಟೇ ಆಗಿದ್ದರೆ ಇಷ್ಟು ನಾಚಿಕೆ ಇರುತ್ತಿರಲಿಲ್ಲ. ಆ ವಿಡಿಯೋದಿಂದ ನಿನ್ನ ದಿಮ್ಮಿನ ಎಂಟು ಸೆಕೆಂಡನ್ನು ಕತ್ತರಿಸಿ, ಮೇಲಿನ ಗದ್ದಲ ತೊಳೆದು, ಲಾಗೋಸಿನವರ ಹಾಡಿನ ಉದ್ದಕ್ಕೂ ಕೆಳಗೆ ಹಾಸಿ ಕಳಿಸಿದೆ. ನಿನ್ನನ್ನು ಕೇಳಲಿಲ್ಲ. ಅಡೆಬಯೋ ಅಂದೇ ವಿಡಿಯೋ ಕಾಲ್ ಮಾಡಿದರು. ಹಾಡು ಹಚ್ಚಿದರು, ಕುರ್ಚಿಯಿಂದ ಎದ್ದರು, ಕಣ್ಣು ಮುಚ್ಚಿ ನಿಂತಲ್ಲೇ ತೂಗಿದರು. ಕೆಳಗಿನ ಕೈ ಯಾರದು ಎಂದು ಕೇಳಿದರು. ನಾನು ‘ನನ್ನದೇ’ ಎಂದೆ. ಹೌದು, ಹಾಗೇ ಅಂದೆ. ಒಳ್ಳೆಯದು, ಈಗ ಬಾರಿಸು, ಹದಿನೈದು ನಿಮಿಷ ನೋಡುತ್ತೇನೆ ಎಂದು ಅವರು ಕುಳಿತುಕೊಂಡರು. ನಿನ್ನ ದಿಮ್ಮು ಮುಟ್ಟುವ ಹಾಗಿಲ್ಲ, ಬೇರೊಂದು ವಾದ್ಯ ತಂದು ಶುರುಮಾಡಿದೆ. ಮೂರನೆಯ ನಿಮಿಷಕ್ಕೆ ನನ್ನ ಕೈ ಮನೆಯ ದಾರಿ ಹಿಡಿಯಿತು. ಅವರು ಬೈಯಲಿಲ್ಲ, ನಕ್ಕರು. ಇದು ಬೇರೆ ಕೈ ಎಂದರು. ಅಂಥ ಕೈ ತಮ್ಮ ಊರಲ್ಲೂ ಕಡಿಮೆಯಾಗುತ್ತಿದೆ, ಎಲ್ಲರಿಗೂ ಮುಂದೆ ನಿಲ್ಲಬೇಕು ಎಂದರು. ಆಮೇಲೆ ನಿನ್ನ ಹೆಸರು ಹೇಳಿದೆ, ಎರಡು ಸಲ ಹೇಳಿಸಿಕೊಂಡು ಬರೆದುಕೊಂಡರು.

ಬರುವ ಫೆಬ್ರುವರಿಯಲ್ಲಿ ಅವರು ತಂಡದ ಜೊತೆ ಹೈದರಾಬಾದಿಗೆ ಬರುತ್ತಿದ್ದಾರೆ. ಅಲ್ಲಿ ಎರಡು ದಿನ ಸ್ಟುಡಿಯೋದಲ್ಲಿ ಹೊಸ ಹಾಡುಗಳ ಧ್ವನಿಮುದ್ರಣ. ನಮ್ಮಿಬ್ಬರನ್ನೂ ಕರೆದಿದ್ದಾರೆ. ನೀನು ಕಾರ್ಖಾನೆಯಲ್ಲಿ ನಾಲ್ಕು ದಿನ ರಜೆ ಕೇಳಬೇಕಾಗುತ್ತದೆ. ಬರುವುದು ಬಿಡುವುದು ನಿನ್ನ ಇಷ್ಟ. ಬರದಿದ್ದರೂ ನಾನು ಕತ್ತರಿಸಿಕೊಂಡ ಆ ಎಂಟು ಸೆಕೆಂಡಿಗೆ ನಿನ್ನ ಒಪ್ಪಿಗೆ ಬೇಕು, ಹಾಡಿನ ಮೇಲೆ ನಿನ್ನ ಹೆಸರು ಬರಬೇಕು. ನೀನು ಬೇಡವೆಂದರೆ ಅದನ್ನು ತೆಗೆಸಿಬಿಡುತ್ತೇನೆ. ಅಪ್ಪನಿಗೆ ಇಟಗಿಯ ವಿಷಯ ಇನ್ನೂ ಹೇಳಿಲ್ಲ, ಸಮಯ ನೋಡಿ ಹೇಳುತ್ತೇನೆ. ನನ್ನನ್ನು ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ, ಅಷ್ಟು ಸುಲಭಕ್ಕೆ ಕ್ಷಮಿಸಲೂಬೇಡ. ಆದರೆ ಒಂದು ಮಾತು ನಿಜ. ನೀನು ಪಕ್ಕದಲ್ಲಿ ನಿಂತಿದ್ದಾಗ ನಾನು ಬಾರಿಸಿದ್ದೆಲ್ಲ ಚೆಂದವಿತ್ತು, ಅದು ನನ್ನಿಂದ ಎಂದು ತಿಳಿದಿದ್ದೆ.

ವೈನಿಯವರಿಗೆ ನಮಸ್ಕಾರ ಹೇಳು, ವಿಡಿಯೋಕ್ಕೂ ಸೇರಿಸಿ. ಅವ್ವ ಶೇಂಗಾ ಚಟ್ನಿ ಕುಟ್ಟಿ ಇಟ್ಟಿದ್ದಾಳೆ, ನಿನಗೆ ಖಾರ ಮುಂದಿರಬೇಕು ಎಂದು ಇನ್ನೊಂದು ಹಿಡಿ ಮೆಣಸಿನಕಾಯಿ ಹಾಕಿದ್ದಾಳೆ. ಸಣ್ಣಾಕಿಗೆ ಗೌಸಬೀ ಚಿಕ್ಕಮ್ಮನ ಬೇಲಿಯ ಒಂದು ಸಣ್ಣ ಬುರುಡೆ ಕಳಿಸುತ್ತಿದ್ದೇನೆ, ಮಣಿ ಕಟ್ಟಿದ್ದೇನೆ, ಅಲ್ಲಾಡಿಸಲಿ. ನಿನ್ನ ಕಣ್ಣುಗಳನ್ನು ನೋಡಿಕೋ.

ಇಂತಿ,
ನಿನ್ನ ಬೆನ್ನಿಗೆ ಬಿದ್ದ ತಮ್ಮ,
ಕಳಕೇಶ

ತಾ. ಕ.: ಅಣ್ಣಾ, ಮೇಲೆ ‘ನಮ್ಮಿಬ್ಬರನ್ನೂ’ ಎಂದು ಬರೆದೆನಲ್ಲ, ಅದು ಸುಳ್ಳು. ಅವರು ಕರೆದದ್ದು ನಿನ್ನೊಬ್ಬನನ್ನು. ಕಾಗದದಲ್ಲೂ ಓಡಿಬಿಟ್ಟೆ. ಹೊಡೆದು ಹಾಕಿ ಬೇರೆ ಬರೆಯಬಹುದಿತ್ತು, ಬೇಡ, ನೋಡಲಿ ಎಂದು ಬಿಟ್ಟಿದ್ದೇನೆ. ಇದು ಹೊಳೆದ ಮೇಲೆ ಕೂರಲಾಗಲಿಲ್ಲ, ಈಗಷ್ಟೇ ಅಪ್ಪನನ್ನು ಕರೆದು ಪರದೆಯ ಮೇಲೆ ಗೆರೆಗಳನ್ನು ತೋರಿಸಿದೆ. ನನ್ನ ಕರಡಿಯನ್ನು ಅವನ ಮುಂದೆ ಬಾಯಿ ಕೆಳಗೆ ಮಾಡಿ ನಿಲ್ಲಿಸಿದೆ. ಅವನು ಎದ್ದು ಹೋಗಿ ನಿನ್ನ ದಿಮ್ಮನ್ನು ತಾನೇ ಎತ್ತಿದ, ಪಂಚೆಯ ತುದಿಯಿಂದ ಒರೆಸಿದ. ನಾಳೆ ಮೊದಲ ಬಸ್ಸಿಗೆ ಅದನ್ನು ಹಿಡಿದುಕೊಂಡು ಅವನೇ ಬರುತ್ತಾನಂತೆ, ಈ ಕಾಗದವೂ ಚಟ್ನಿಯೂ ಅವನ ಕೈಯಲ್ಲೇ. ನೀನು ಇಷ್ಟು ಓದುವ ತನಕ ಅವನು ನಿಂತೇ ಇದ್ದರೆ ಮೊದಲು ಕುರ್ಚಿ ಕೊಡು, ನೆಲಕ್ಕೆ ಕೂತರೆ ಏಳಲಾರ. ನನ್ನದನ್ನು ಮಾತ್ರ ಎತ್ತಲಿಲ್ಲ. ‘ಇದನ್ನ ನಾ ಮುಟ್ಟೂದಿಲ್ಲ. ನಿಮ್ಮಣ್ಣ ಬಂದು ಎತ್ತಿ ಕೊಟ್ರ ಬಾರಸು’ ಎಂದ. ನಿನ್ನ ದಿಮ್ಮು ನಿಂತಿದ್ದ ಮೂಲೆಯಲ್ಲಿ ಈಗ ನನ್ನ ಕರಡಿ ನಿಂತಿದೆ.